ಒತ್ತಿದ್ದು ಕುರುಗೋಡು, ಬಂದದ್ದು ‘ಕಹೀಹುಧೈಹ’!

‘ಕಹೀಹುಧೈಹ’ ಎಂಬ ಊರು ಬಳ್ಳಾರಿ ಜಿಲ್ಲೆಯಲ್ಲಿ ಎಲ್ಲಿದೆ? ಬಲ್ಲವರು ಹೇಳಬೇಕು! ನಕ್ಷೆ ಹುಡುಕಬೇಡಿ, ಸಿಗಲಾರದು. ಅದು ನಮ್ಮ ಕುರುಗೋಡೇ. ದೊಡ್ಡಬಸವೇಶ್ವರನ ಊರಿನ ಹೆಸರನ್ನು ಹೀಗೆ ಕುಲಗೆಡಿಸಬಲ್ಲದ್ದು ಯಾವ ಶತ್ರುವೂ ಅಲ್ಲ, ಕಂಪ್ಯೂಟರ್ ಕೀಬೋರ್ಡಿನ ಒಂದೇ ಒಂದು ಗುಂಡಿ!

ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಗಳಲ್ಲಿ ದಿನವಿಡೀ ಬರೆಯುವ ಮಾತುಗಳು ಕೆಲವೇ. ‘ಮಾನ್ಯ ತಹಶೀಲ್ದಾರರು, ಕುರುಗೋಡು ತಾಲೂಕು, ಬಳ್ಳಾರಿ ಜಿಲ್ಲೆ’ ಎಂದು ನೂರು ಸಲ ಕುಟ್ಟಿ ಬೆರಳು ನೋಯಿಸಿಕೊಳ್ಳುವುದೇಕೆ? ಅದಕ್ಕೇ ಮ್ಯಾಕ್ರೋ ಎಂಬ ಉಪಾಯ ಬಂದಿದೆ. ಇಡೀ ಸಾಲನ್ನು ಒಂದು ಗುಂಡಿಗೆ ಕಲಿಸಿಟ್ಟರಾಯಿತು. ಒಮ್ಮೆ ಒತ್ತಿದರೆ ಸಾಲು ಪೂರಾ ಬಂದು ನಿಲ್ಲುತ್ತದೆ. ನಿಲ್ಲಬೇಕು! ಆದರೆ ಕೆಲವೊಮ್ಮೆ ನಡೆಯುವ ಮಾತೇ ಬೇರೆ.

‘ಏನ್ ತಮ್ಮಾ, ಅರ್ಜ್ಯಾಗ ನಮ್ಮೂರ ಹೆಸರು ಎಲ್ಲೈತಿ?’

‘ಯಜಮಾನ್ರೇ, ನಾ ಒತ್ತಿದ್ದು ಅದನ್ನರೀ. ಬಂದಿದ್ದು ಇದು!’

ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಗುಟ್ಟು ಎಲ್ಲಿದೆ?

ಹಳೆಯ ಟೈಪ್‌ರೈಟರಿನಲ್ಲಿ ಗುಂಡಿಗೂ ಅಚ್ಚಿಗೂ ಕಬ್ಬಿಣದ ನಂಟು. ‘ಕ’ ಗುಂಡಿ ಒತ್ತಿದರೆ ‘ಕ’ ಅಚ್ಚೇ ಹೋಗಿ ಕಾಗದಕ್ಕೆ ಬಡಿಯುತ್ತಿತ್ತು. ಬೇರೆ ಅಕ್ಷರ ಬೀಳುವ ಮಾತೇ ಇರಲಿಲ್ಲ. ಕಂಪ್ಯೂಟರ್ ಕೀಬೋರ್ಡ್ ಹಾಗಲ್ಲ. ಅದಕ್ಕೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ‘ಇಂಥ ಸಾಲಿನ ಇಷ್ಟನೇ ಗುಂಡಿ ಒತ್ತಿದರು’ ಎಂದಷ್ಟೇ ಒಳಗೆ ಸುದ್ದಿ ಕಳಿಸುತ್ತದೆ. ಆ ಗುಂಡಿಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಒಳಗೆ ಕುಳಿತ ‘ಲೇಔಟ್’ ಎಂಬ ಯಜಮಾನ. ಕೀಬೋರ್ಡಿನಲ್ಲೇ ತುಂಬಿಟ್ಟ ಮ್ಯಾಕ್ರೋ ಕೂಡ ಅಕ್ಷರವನ್ನು ನೆನಪಿಡುವುದಿಲ್ಲ, ಗುಂಡಿಗಳ ಸರದಿಯನ್ನು ಮಾತ್ರ ನೆನಪಿಡುತ್ತದೆ. ಯಜಮಾನ ಬದಲಾದರೆ ಅರ್ಥವೂ ಬದಲು!

ಕನ್ನಡಕ್ಕೆ ಇಂಥ ಯಜಮಾನರಲ್ಲಿ ಮುಖ್ಯರು ಇಬ್ಬರು. ಒಂದು, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕರ್ನಾಟಕ ಸರಕಾರ ಒಪ್ಪಿದ್ದೂ ಇದನ್ನೇ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಇದೇ. ಇನ್ನೊಂದು, 1980ರ ದಶಕದಲ್ಲಿ ಕೇಂದ್ರ ಸರಕಾರದ ಕಡೆಯಿಂದ ಬಂದ ಇನ್‌ಸ್ಕ್ರಿಪ್ಟ್. ವಿಂಡೋಸ್‌ನಲ್ಲಿ ‘ಕನ್ನಡ’ ಎಂದು ಆರಿಸಿಕೊಂಡರೆ ಸಾಮಾನ್ಯವಾಗಿ ಸಿಗುವುದು ಇದು.

‘ನುಡಿ’ಯಲ್ಲಿ ಕುರುಗೋಡು ಬರೆಯಲು ಕೆ, ಯು, ಆರ್, ಯು, ಜಿ, ಶಿಫ್ಟ್ ಹಿಡಿದು ಓ, ಡಬ್ಲ್ಯು, ಯು ಒತ್ತಬೇಕು. ಅದೇ ಸರದಿ ಇನ್‌ಸ್ಕ್ರಿಪ್ಟಿಗೆ ಹೋಯಿತೆನ್ನಿ. ಅಲ್ಲಿ ಯು ಗುಂಡಿ ಎಂದರೆ ‘ಹ’, ಆರ್ ಎಂದರೆ ದೀರ್ಘದ ಗುಡಿಸು, ಜಿ ಎಂದರೆ ಕೊಂಬು. ‘ಕ’ ಒಂದೇ ಎರಡೂ ಕಡೆ ಒಂದೇ ಗುಂಡಿಯಲ್ಲಿದೆ. ಹಾಗಾಗಿ ಮೊದಲ ಅಕ್ಷರ ಬಚಾವ್, ಉಳಿದದ್ದೆಲ್ಲ ‘ಹೀಹುಧೈಹ’! ಸಿರುಗುಪ್ಪದ ಗತಿ ಇನ್ನೂ ಕೆಟ್ಟದ್ದು. ಮೊದಲು ಅಕ್ಷರವೇ ಇಲ್ಲದ ಒಂದು ಒಂಟಿ ಏತ್ವ, ಹಿಂದೆಯೇ ‘ಗೀಹುಹಜಿಜ’!

ನಗುವ ಮಾತಲ್ಲ

ಇಷ್ಟು ಕೆಟ್ಟದ್ದು ಬಂದರೆ ಕಣ್ಣಿಗೆ ಬೀಳುತ್ತದೆ, ಅಳಿಸಿ ಬರೆಯಬಹುದು. ಕಣ್ಣಿಗೆ ಬೀಳದ ತಪ್ಪೇ ಅಪಾಯ. ಇಂಗ್ಲಿಷಿನಲ್ಲೂ ಅಮೆರಿಕದ ಲೇಔಟ್ ಬೇರೆ, ಬ್ರಿಟನ್ನಿನದು ಬೇರೆ. ಇಮೇಲ್ ವಿಳಾಸದ ನಡುವಿನ ‘ಅಟ್’ ಚಿಹ್ನೆ ಇದ್ದಲ್ಲಿ ಉದ್ಧರಣ ಚಿಹ್ನೆ ಬಂದು ಕೂರುತ್ತದೆ. ಯಾರೂ ನೋಡದೆ ಅರ್ಜಿ ಹೋಯಿತೆಂದರೆ ಉತ್ತರ ಬರುವುದೇ ಇಲ್ಲ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ತಾಳೆಯಾಗಬೇಕಾದ ಕಾಲವಿದು. ಒಂದು ದೀರ್ಘ ತಪ್ಪಿದರೂ ಸಿರುಗುಪ್ಪದ ಭತ್ತದ ರೈತ ಕೆಲಸ ಬಿಟ್ಟು ಮತ್ತೆ ಬಸ್ಸು ಹತ್ತಬೇಕಾದೀತು.

ಕಲಿಸಿಟ್ಟು ಮರೆತ ಗುಂಡಿಗಳದ್ದು ಇನ್ನೊಂದು ಕಥೆ. 2014ರ ನವೆಂಬರ್ 1ರಿಂದ ನಮ್ಮ ನಗರದ ಇಂಗ್ಲಿಷ್ ಹೆಸರು ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ ನಮ್ಮಲ್ಲುಳಿದವು. ಮ್ಯಾಕ್ರೋಗೆ ಈ ಸುದ್ದಿ ಮುಟ್ಟಿಸುವವರು ಯಾರು? ಹಳೆಯ ಗುಂಡಿ ಒತ್ತಿದರೆ ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ!

ಪರಿಹಾರ ಉಂಟು

ಮದ್ದು ದುಬಾರಿಯದಲ್ಲ. ಗುಂಡಿಗಳ ಸರದಿಯನ್ನು ಕೀಬೋರ್ಡಿನಲ್ಲಿ ತುಂಬುವ ಬದಲು, ಅಕ್ಷರಗಳನ್ನೇ ಯೂನಿಕೋಡ್‌ನಲ್ಲಿ ಬರೆದು ಕಂಪ್ಯೂಟರಿನಲ್ಲಿ ಉಳಿಸಬೇಕು. ಚುಟುಕು ಗುರುತು ಕೊಟ್ಟರೆ ಅದನ್ನೇ ತಂದು ಅಂಟಿಸುವ ವ್ಯವಸ್ಥೆ ವರ್ಡ್‌ನಲ್ಲೇ ಇದೆ. ಅಕ್ಷರವೇ ಬರುವಾಗ ಯಜಮಾನ ಯಾರಾದರೇನು? ಮ್ಯಾಕ್ರೋ ಗುಂಡಿಯೇ ಬೇಕೆಂದರೆ, ಯಾವ ಲೇಔಟಿನಲ್ಲಿ ಕಲಿಸಿದ್ದು ಎಂದು ಚೀಟಿ ಬರೆದು ಕೀಬೋರ್ಡಿಗೆ ಅಂಟಿಸಿ, ಒತ್ತುವ ಮುನ್ನ ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ನೋಡಿ. ಸಾಲು ಅತಿ ವೇಗವಾಗಿ ಓಡಿ ಅಕ್ಷರ ಬಿಟ್ಟುಹೋದರೆ ಗುಂಡಿ ಗುಂಡಿಯ ನಡುವೆ ತುಸು ಬಿಡುವು ಕೊಡಿ.

ಇನ್‌ಸ್ಕ್ರಿಪ್ಟಿನದೂ ಒಂದು ಗುಣ ಹೇಳಬೇಕು. ಅದರಲ್ಲಿ ಕನ್ನಡದ ‘ಕ’ ಇರುವ ಗುಂಡಿಯಲ್ಲೇ ತೆಲುಗಿನ ‘ಕ’ವೂ ಇದೆ. ಅದರಲ್ಲಿ ಕಲಿಸಿದ ಕುರುಗೋಡು, ಭಾಷೆ ಬದಲಿಸಿದರೆ ತೆಲುಗು ಲಿಪಿಯಲ್ಲೂ ಕುರುಗೋಡೇ. ಎರಡೂ ಭಾಷೆ ಆಡುವ ಸಿರುಗುಪ್ಪದ ಗಡಿಯವರಿಗೆ ಇದು ಉಪಯೋಗದ ಮಾತು.

ಅರ್ಜಿ ಬರೆಸುವ ರೈತ ಬಂಧುಗಳಿಗೂ ಒಂದು ಕಿವಿಮಾತು. ಸಹಿ ಹಾಕುವ ಮುನ್ನ ನಿಮ್ಮ ಹೆಸರು, ಊರ ಹೆಸರು ಓದಿಸಿ ಕೇಳಿರಿ. ಕಾಸು ಕೊಡುವವರು ನೀವು, ಅಲೆಯುವವರೂ ನೀವೇ. ಅಂಗಡಿಯವರು, ಆಪರೇಟರುಗಳು ಇತ್ತ ಗಮನ ಹರಿಸುವರೇ?