ನಡೆದಾಡುವ ಹೊಯ್ಗೆ

ಕಡಲತೀರದಲ್ಲಿ ಹುಟ್ಟಿ ಬೆಳೆದ ನಮಗೆ ಹೊಯ್ಗೆಯೆಂದರೆ ಕಾಲಡಿಯ ನೆಲ. ಅದು ಬಿದ್ದಲ್ಲೇ ಬಿದ್ದಿರುವ ವಸ್ತುವೆಂದೇ ಭಾವನೆ. ಕಳೆದ ವರ್ಷ ಭೂಗೋಳದ ವಿದ್ಯಾರ್ಥಿಗಳಾದ ನಾವು ಮೂವರು ಉಳ್ಳಾಲದ ದಂಡೆಯನ್ನು ಅಳೆಯಹೊರಟ ಮೇಲೆ ಆ ಭಾವನೆ ಉಳಿಯಲಿಲ್ಲ.

ನಮ್ಮ ಉಪಕರಣಗಳನ್ನು ಕೇಳಿದರೆ ವಾಚಕರು ನಕ್ಕಾರು: ಸಮ ಎತ್ತರದ, ಗುರುತು ಹಾಕಿದ ಎರಡು ಕೋಲುಗಳು, ಒಂದು ಹಗ್ಗ, ಮತ್ತು ದಿಗಂತ. ಎಮರಿ ಎಂಬ ಅಮೆರಿಕದ ವಿಜ್ಞಾನಿ 1961ರಲ್ಲಿ ಪ್ರಕಟಿಸಿದ ವಿಧಾನವಿದು. ನೆಲದ ಕಡೆಯ ಕೋಲಿನ ಹಿಂದೆ ನಿಂತು, ಕಡಲ ಕಡೆಯ ಕೋಲಿನ ತುದಿಯನ್ನು ದಿಗಂತದ ಗೆರೆಗೆ ಸೇರಿಸಿ ನೋಡಬೇಕು. ಆ ದೃಷ್ಟಿರೇಖೆ ನಮ್ಮ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಮುಟ್ಟುವುದೋ ಅಷ್ಟೇ ಎರಡು ಕೋಲುಗಳ ನಡುವಣ ಇಳಿತ. ಹೀಗೆಯೇ ನೀರಿನವರೆಗೆ ಅಳೆಯುತ್ತ ಹೋದರೆ ದಂಡೆಯ ಆಕಾರ ಕಾಗದದ ಮೇಲೆ ಮೂಡುತ್ತದೆ. ಆದರೆ ಎಲ್ಲಕ್ಕೂ ಮೊದಲು ಕದಲದ ಒಂದು ಸೊನ್ನೆಗುರುತು ಬೇಕು. ಫೆಬ್ರವರಿಯಲ್ಲಿ ನಾವು ಒಂದು ತೆಂಗಿನಮರದ ಬುಡವನ್ನು ಆರಿಸಿದೆವು. ಆಗಸ್ಟಿನಲ್ಲಿ ಹೋಗಿ ನೋಡಿದರೆ ಆ ಮರವೇ ಕಡಲಪಾಲಾಗಿತ್ತು!

ಹೊಯ್ಗೆ ಎಲ್ಲಿಗೆ ಹೋಯಿತು? ಮಳೆಗಾಲದ ಕಡಿದಾದ ತೆರೆಗಳು ದಂಡೆಯನ್ನು ಕೆರೆದು, ಬಹಳ ದೂರವೇನಲ್ಲ, ನೀರಿನಡಿಯಲ್ಲೇ ದಿಬ್ಬವಾಗಿ ಕೂಡಿಡುತ್ತವೆ. ಮಳೆ ನಿಂತ ಮೇಲೆ ತಗ್ಗಿದ ತೆರೆಗಳು ಅದನ್ನೇ ಮೆಲ್ಲಮೆಲ್ಲನೆ ಹಿಂದಕ್ಕೆ ತಂದು ಹಾಕುತ್ತವೆ. ಆದುದರಿಂದ ಆಗಸ್ಟಿನ ಅಳತೆಯೊಂದನ್ನೇ ಹಿಡಿದು ದಂಡೆ ನಾಶವಾಯಿತೆನ್ನುವುದೂ, ಫೆಬ್ರವರಿಯದನ್ನು ಹಿಡಿದು ಭಯವಿಲ್ಲವೆನ್ನುವುದೂ ಸಮಾನವಾಗಿ ತಪ್ಪು.

ಹೊಯ್ಗೆಗೆ ದಂಡೆಯುದ್ದಕ್ಕೂ ಇನ್ನೊಂದು ಪಯಣವುಂಟು. ಓರೆಯಾಗಿ ಬಂದ ತೆರೆ ಕಣವನ್ನು ಓರೆಯಾಗಿ ಮೇಲೇರಿಸುತ್ತದೆ. ಹಿಂದೆಗೆಯುವ ನೀರು ನೇರ ಕೆಳಗಿಳಿಸುತ್ತದೆ. ಗರಗಸದ ಹಲ್ಲಿನಂತಹ ಈ ನಡಿಗೆಯನ್ನು ಅಡ್ಡಗಟ್ಟಿದರೆ ಏನಾದೀತೆಂಬುದಕ್ಕೆ ಮದರಾಸು, ಅಂದರೆ ಇಂದಿನ ಚೆನ್ನೈ, ಪ್ರಸಿದ್ಧ ನಿದರ್ಶನ. ಅಲ್ಲಿ ಹೊಯ್ಗೆಯ ಒಟ್ಟು ನಡಿಗೆ ಉತ್ತರಕ್ಕೆ. 1876ರಲ್ಲಿ ಬಂದರಿನ ಕೆಲಸ ಆರಂಭವಾದ ಬಳಿಕ ಒಡ್ಡಿನ ದಕ್ಷಿಣದಲ್ಲಿ ಹೊಯ್ಗೆ ತಂಗಿ ಮರೀನಾ ಅಗಲವಾಯಿತು. ಉತ್ತರದ ರಾಯಪುರಂ ಕಡೆ ದಂಡೆ ಕೊರೆದುಹೋಯಿತು. ಮರೀನಾದಲ್ಲಿ ಸುಂಡಲ್ ತಿನ್ನುವವರು ರಾಯಪುರಂನ ಪಾಲಿನ ಮೇಲೆ ಕುಳಿತಿದ್ದಾರೆಂದರೆ ಅತಿಶಯೋಕ್ತಿಯೇನಲ್ಲ.

ನಮ್ಮಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಋತುವಿಗನುಸಾರ ದಿಕ್ಕು ಬದಲಾಗುತ್ತದೆ. ನೇತ್ರಾವತಿ-ಗುರುಪುರ ನದಿಗಳ ಅಳಿವೆಯಲ್ಲಿ ಉತ್ತರದಿಂದ ಬೆಂಗ್ರೆ, ದಕ್ಷಿಣದಿಂದ ಉಳ್ಳಾಲ, ಎರಡು ಹೊಯ್ಗೆಯ ನಾಲಗೆಗಳು ಎದುರುಬದುರಾಗಿ ಚಾಚಿರುವುದನ್ನು ಕಂಡರೇ ಇದು ತಿಳಿಯುತ್ತದೆ. 1990ರ ದಶಕದಲ್ಲಿ ದೋಣಿಗಳ ದಾರಿಗಾಗಿ ಅಳಿವೆಯ ಎರಡು ಬದಿಗೂ ಕಲ್ಲಿನ ಒಡ್ಡು ಕಟ್ಟಿದರು. ಆ ಮೇಲೆ ಬೆಂಗ್ರೆಯ ಕಡೆ ದಂಡೆ ಬೆಳೆಯಿತು, ಉಳ್ಳಾಲದ ಕಡೆ ಕೊರೆತ ಹೆಚ್ಚಿತು. ಒಡ್ಡೊಂದೇ ಕಾರಣವೆನ್ನಲಾರೆ, ನದಿಯ ಹೊಯ್ಗೆಯನ್ನು ತೆಗೆದು ಸಾಗಿಸಿದಷ್ಟೂ ಕಡಲಿಗೆ ಬರುವ ಪಾಲು ಕಡಿಮೆ. ದಂಡೆಗೆ ಸುರಿದ ಬಂಡೆಗಳು ಕೆಲಕಾಲ ಮನೆ ಕಾಯುತ್ತವೆ, ಆದರೆ ಹೊಯ್ಗೆಯನ್ನು ಹುಟ್ಟಿಸವು. ಬಂಡೆಸಾಲು ಮುಗಿಯುವಲ್ಲಿ ನೆರೆಮನೆಯವರ ಅಂಗಳ ಕೊರೆಯುವುದೂ ಉಂಟು.

ನಮ್ಮ ಸೊನ್ನೆಯ ಮರ ಒಬ್ಬ ಅಜ್ಜಿಯದು. "ಡಿಸೆಂಬರಿಗೆ ಹೊಯ್ಗೆ ಮರಳಿ ಬರುತ್ತದೆ ಅಜ್ಜಿ" ಎಂದು ನಾನು ಕಲಿತ ಪಾಠ ಒಪ್ಪಿಸಿದೆ.

"ಬರುತ್ತದೆ ಮಗಾ, ನಾನು ಕಾಣದ್ದೇ? ಮೊದಲಿನಷ್ಟು ಬರುವುದಿಲ್ಲ" ಎಂದರು.

ನಾವು ಹತ್ತು ವರ್ಷ, ಪ್ರತಿವರ್ಷವೂ ಅದೇ ತಿಂಗಳಲ್ಲಿ ಅಳೆದು ಹೇಳಬೇಕಾದ ಮಾತದು. ಹೊಸ ಸೊನ್ನೆಗುರುತನ್ನು ಅವರ ಅಪ್ಪಣೆ ಪಡೆದು ಮನೆಯ ಹಿಂದಿನ ಬಾವಿಕಟ್ಟೆಯ ಮೇಲೆ ಕೊರೆದು ಬಂದಿದ್ದೇವೆ.