ಪಿಕಪ್ಪಿನ ತಳಕ್ಕೆ ಹಿಡಿದ ತುಕ್ಕು: ಕಡಿಮೆ ಖರ್ಚಿನಲ್ಲಿ ತಡೆಯುವುದು ಹೇಗೆ?

ಮಳೆಗಾಲ ಕಳೆದ ಮೇಲೆ ತೋಟದ ಮರ ನೋಡುತ್ತೇವೆ, ದನದ ಗೊರಸು ನೋಡುತ್ತೇವೆ, ಮನೆಯ ಹೆಂಚು ನೋಡುತ್ತೇವೆ. ಅಂಗಳದಲ್ಲಿ ನಿಂತ ಪಿಕಪ್ಪಿನ ತಳವನ್ನು ನೋಡುವವರು ಕಡಿಮೆ. ಮೇಲಿನಿಂದ ಬಣ್ಣ ಹೊಳೆಯುತ್ತಿರುತ್ತದೆ, ಇಂಜಿನ್ ಓಡುತ್ತಿರುತ್ತದೆ. ಹಾಗಾಗಿ ಗಾಡಿ ಚೆನ್ನಾಗಿದೆ ಎಂದೇ ತಿಳಿಯುತ್ತೇವೆ.

2024ರ ಸೆಪ್ಟೆಂಬರಿನಲ್ಲಿ ಅಡಿಕೆಯ ಕೊಳೆರೋಗ ನೋಡಲೆಂದು ತೀರ್ಥಹಳ್ಳಿ ತಾಲ್ಲೂಕಿನ ಒಂದು ತೋಟಕ್ಕೆ ಹೋಗಿದ್ದೆ. ರೋಗದ ಮಾತು ಮುಗಿದ ಮೇಲೆ ತೋಟದ ಯಜಮಾನರು ತಮ್ಮ ಹಳೆಯ ಪಿಕಪ್ಪಿನ ಬಳಿ ಕರೆದೊಯ್ದರು. "ಸಾರ್, ಬಣ್ಣ ಹೊಡೆಸಿ ನಾಲ್ಕು ತಿಂಗಳೂ ಆಗ್ಲಿಲ್ಲ, ಮತ್ತೆ ಎದ್ದು ಬಂತು" ಎಂದರು. ಹಿಂದಿನ ಬಾಡಿಯಲ್ಲಿ ಹಾಸಿದ್ದ ಒದ್ದೆ ಗೋಣಿಚೀಲ ಎತ್ತಿದೆವು. ತಳದ ತಗಡಿನ ತುಂಬ ಕೆಂಪು ಪುಡಿ. ಬಣ್ಣ ಅಲ್ಲಲ್ಲಿ ಹಪ್ಪಳದಂತೆ ಉಬ್ಬಿತ್ತು. ತಗಡು ಕತ್ತರಿಸಿ ಹೊಸದು ಬೆಸುಗೆ ಹಾಕಲು ಗ್ಯಾರೇಜಿನಲ್ಲಿ ಹದಿನಾಲ್ಕು ಸಾವಿರ ಕೇಳಿದ್ದರಂತೆ. ಕೊಳೆಯಿಂದ ಅರ್ಧ ಬೆಳೆ ಉದುರಿದ ವರ್ಷ ಅದು. ಆ ಹಣ ಎಲ್ಲಿಂದ ತರುವುದು?

ನಾನು ಕೃಷಿ ಓದಿದವನು, ಮೆಕ್ಯಾನಿಕ್ ಅಲ್ಲ. ಆದರೆ ಆ ತಗಡನ್ನು ತಿಂದದ್ದು ನಮ್ಮ ಕೃಷಿಯ ಸಾಮಗ್ರಿಗಳೇ ಆದುದರಿಂದ ಈ ವಿಷಯ ನನಗೂ ಸೇರಿದ್ದೇ.

ಮೈಲುತುತ್ತ ಮತ್ತು ಕಬ್ಬಿಣ

ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾವು ಏನು ಮಾಡುತ್ತೇವೆ? ಹೊಳೆಯುವ ಚಾಕು ಅಥವಾ ಕುಡುಗೋಲನ್ನು ಸ್ವಲ್ಪ ಹೊತ್ತು ಅದ್ದುತ್ತೇವೆ. ಅದರ ಮೇಲೆ ಕೆಂಪನೆಯ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ತಾಮ್ರ ಕೂತಿತು ಎಂದರೆ ಅಷ್ಟು ಕಬ್ಬಿಣ ಕರಗಿ ನೀರಿಗೆ ಹೋಯಿತು ಎಂದೇ ಲೆಕ್ಕ. ಮೈಲುತುತ್ತ ಕರಗಿಸಿದ ಪೀಪಾಯಿಯನ್ನು ಪಿಕಪ್ಪಿನಲ್ಲಿ ಇಟ್ಟುಕೊಂಡು ಏರುದಾರಿಯಲ್ಲಿ ಹೋದಾಗ ತುಳುಕುವ ನೀರು, ಬಣ್ಣ ಹೋದ ಕಡೆ ಇದೇ ಕೆಲಸ ಮಾಡುತ್ತದೆ. ಅಲ್ಲದೆ ಅಲ್ಲಿ ಉಳಿದ ತಾಮ್ರದ ಕಣ, ನೀರು ತಾಗಿದಾಗಲೆಲ್ಲ ಪಕ್ಕದ ಕಬ್ಬಿಣವನ್ನು ಇನ್ನೂ ಬೇಗ ಸವೆಸುತ್ತದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸರಿಯಾಗಿ ಬೆರೆತ ದ್ರಾವಣದಿಂದ ಅಷ್ಟು ಭಯವಿಲ್ಲ. ಭಯ ಇರುವುದು ಸುಣ್ಣ ಬೆರೆಸುವ ಮೊದಲಿನ ಮೈಲುತುತ್ತದ ನೀರಿನಿಂದ. ಆದುದರಿಂದ ಅದನ್ನು ತೋಟದಲ್ಲೇ ಪ್ಲಾಸ್ಟಿಕ್ ಪೀಪಾಯಿಯಲ್ಲಿ ಕರಗಿಸಿರಿ, ಗಾಡಿಯ ಮೇಲೆ ಬೇಡ.

ಎರಡನೆಯದು ಪೊಟ್ಯಾಷ್. ನಾವು ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡಿಗೆ ಉಪ್ಪಿನ ದಾಯಾದಿ, ಅದರಲ್ಲೂ ಕ್ಲೋರೈಡ್ ಇದೆ. ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆಯುವಂತೆ, ಹರಿದ ಚೀಲದಿಂದ ಚೆಲ್ಲಿದ ಗೊಬ್ಬರವೂ ಗಾಳಿಯ ತೇವ ಎಳೆದುಕೊಂಡು ತಗಡಿನ ಕಾಲುವೆಗಳಲ್ಲಿ ಒದ್ದೆಯಾಗಿಯೇ ಕೂರುತ್ತದೆ. ಅದರ ಮೇಲೆ ಗೋಣಿಚೀಲ ಹಾಸಿದರೆ ತುಕ್ಕಿಗೆ ಹಾಸಿಗೆ ಹಾಸಿದಂತೆ. ಕೋಳಿಗೊಬ್ಬರ, ಸಗಣಿ ನೀರು ಇವೂ ಬಿಟ್ಟುಕೊಡುವುದಿಲ್ಲ. ಕರಾವಳಿಯವರಿಗೆ ಕಡಲ ಗಾಳಿ ಮತ್ತು ಮೀನಿನ ನೀರು ಬೇರೆ.

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಾಗಿದರೆ ತುಕ್ಕು. ಅಲ್ಯೂಮಿನಿಯಂ ಪಾತ್ರೆಯ ಮೇಲೆ ಕೂರುವ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸ್ಪಂಜಿನಂತೆ ನೀರು ಹಿಡಿದು ಒಳಕ್ಕೆ ದಾರಿ ಮಾಡುತ್ತದೆ. ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಬಣ್ಣವನ್ನೂ ಎಬ್ಬಿಸುತ್ತದೆ. ತುಕ್ಕಿನ ಮೇಲೆಯೇ ಬಣ್ಣ ಹೊಡೆಸಿದ್ದು ಆ ಯಜಮಾನರ ಗಾಡಿಯಲ್ಲಿ ನಾಲ್ಕು ತಿಂಗಳಿಗೆ ಏಕೆ ಎದ್ದಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊದಲು ಚುಚ್ಚಿ ನೋಡಿರಿ

ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ತುಕ್ಕು ಹಿಡಿದ ಕಡೆಗಳಲ್ಲೆಲ್ಲ ಗಟ್ಟಿಯಾಗಿ ಒತ್ತಿರಿ, ಹಿಡಿಯಿಂದ ಕುಟ್ಟಿರಿ. ಗಟ್ಟಿ ಶಬ್ದ ಬಂದು, ಕೆರೆದಾಗ ಬೆಳ್ಳಗಿನ ಲೋಹ ಕಂಡರೆ ಅದು ಮೇಲ್ಮೈಯ ತುಕ್ಕು. ಮನೆಯಲ್ಲೇ ತಡೆಯಬಹುದು. ಚಕ್ಕೆ ಚಕ್ಕೆಯಾಗಿ ಎದ್ದು ಮೊನೆ ಒಳಗೆ ಇಳಿದರೆ ಬಣ್ಣದಿಂದ ಪ್ರಯೋಜನವಿಲ್ಲ, ಅಷ್ಟು ಭಾಗಕ್ಕೆ ಬೆಸುಗೆಯೇ ಆಗಬೇಕು. ಛಾಸಿ, ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಬ್ರೇಕಿನ ಕೊಳವೆ ಇವುಗಳಲ್ಲಿ ಚಕ್ಕೆ ಎದ್ದದ್ದು ಕಂಡರೆ ಉಳಿತಾಯದ ಯೋಚನೆ ಬಿಟ್ಟು ಮೆಕ್ಯಾನಿಕ್‌ಗೆ ತೋರಿಸಿರಿ. ಲೋಡು ಹಾಕಿ ಘಾಟಿ ಇಳಿಯುವ ಗಾಡಿ ಅದು.

ಆ ಯಜಮಾನರ ಗಾಡಿಯಲ್ಲಿ ಮೊನೆ ಇಳಿದದ್ದು ಹಿಂಬಾಗಿಲಿನ ಮೂಲೆಯಲ್ಲಿ ಅಂಗೈ ಅಗಲದ ಒಂದೇ ಕಡೆ. ಅದಕ್ಕೊಂದು ತೇಪೆ ಹಾಕಿಸಿದರು. ಉಳಿದದ್ದನ್ನು ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಅವರೂ ಮಗನೂ ಸೇರಿ ಮಾಡಿದರು. ಅಲ್ಲಿಯ ತನಕ ಗೋಣಿಚೀಲ ತೆಗೆದು, ತೊಳೆದು ಒಣಗಿಸಿ ಇಡಿ ಎಂದಷ್ಟೇ ಹೇಳಿದ್ದೆ. ಮಳೆಯ ನಡುವೆ ಬಣ್ಣದ ಕೆಲಸ ಹಿಡಿಯುವುದು ವ್ಯರ್ಥ.

ಕೆಲಸದ ಕ್ರಮ ಹೀಗೆ. ಮೊದಲು ಸೋಪಿನ ನೀರಿನಿಂದ ತೊಳೆದು ಗೊಬ್ಬರದ ಉಪ್ಪನ್ನು ಪೂರ್ತಿ ಹೋಗಿಸಬೇಕು. ಉಪ್ಪು ಉಳಿದರೆ ಬಣ್ಣದ ಅಡಿಯಲ್ಲೇ ತುಕ್ಕು ಮುಂದುವರಿಯುತ್ತದೆ. ಒಂದು ದಿನ ಬಿಸಿಲಿಗೆ ಒಣಗಲಿ. ಉಬ್ಬಿದ ಬಣ್ಣವನ್ನು ಮೊಂಡು ಉಳಿಯಿಂದ ಎಬ್ಬಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ನಂತರ 80ನೇ ನಂಬರಿನ ಸ್ಯಾಂಡ್ ಪೇಪರ್, ಕೊನೆಗೆ 180ರದ್ದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ತುಕ್ಕಿನ ಸುತ್ತ ಎರಡು ಬೆರಳು ಅಗಲ ಒಳ್ಳೆಯ ಬಣ್ಣವನ್ನೂ ಸೇರಿಸಿ ಉಜ್ಜಬೇಕು. ಹೊಸ ಬಣ್ಣ ಹಳೆಯದರ ಮೇಲೆ ಇಳಿಜಾರಾಗಿ ಕೂರಬೇಕೇ ಹೊರತು ಮೆಟ್ಟಿಲಿನಂತೆ ಅಲ್ಲ. ಇಡೀ ಕೆಲಸದಲ್ಲಿ ಬೆವರು ಸುರಿಯುವುದು ಇಲ್ಲಿಯೇ, ಫಲ ನಿಂತಿರುವುದೂ ಇಲ್ಲಿಯೇ.

ಕಾಗದ ತಲುಪದ ಸಂದುಗಳಿಗೆ ಬಣ್ಣದ ಅಂಗಡಿಯಲ್ಲಿ ಸಿಗುವ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಬಹುದು. ಕೈಗವಸು ಹಾಕಿಕೊಳ್ಳಿರಿ. ಕೆಲವನ್ನು ಹಚ್ಚಿ ತೊಳೆಯಬೇಕು, ಕೆಲವನ್ನು ಹಚ್ಚಿ ಹಾಗೆಯೇ ಒಣಗಲು ಬಿಡಬೇಕು. ಡಬ್ಬಿಯ ಮೇಲಿನ ಸೂಚನೆ ಓದದೆ ಮುಟ್ಟಬೇಡಿ. ಟ್ಯಾನಿನ್ ಬೆರೆಸಿದ ದ್ರಾವಣಗಳೂ ಇವೆ. ಅವು ಸಣ್ಣ ತುಕ್ಕನ್ನು ಕಪ್ಪು ಪೊರೆಯಾಗಿ ಮಾರ್ಪಡಿಸುತ್ತವೆ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದೂ, ಅಳಲೆಕಾಯಿ ಮತ್ತು ಅನ್ನಭೇದಿಯಿಂದ ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಟ್ಯಾನಿನ್ನಿನ ಗುಣದಿಂದ. ಹಾಗಾದರೆ ಅಡಿಕೆ ಚೊಗರನ್ನೇ ಬಳಿದರಾಗದೇ ಎಂದು ಆ ಮನೆಯ ಹುಡುಗ ಕೇಳಿದ. ಜಾಣ ಪ್ರಶ್ನೆಯೇ. ಆದರೆ ಚೊಗರಿನಲ್ಲಿ ಟ್ಯಾನಿನ್ ಜೊತೆಗೆ ಬೇರೆ ಅಂಟು ಪದಾರ್ಥಗಳೂ ಇರುವುದರಿಂದ ಅದರ ಮೇಲೆ ಬಣ್ಣ ಹಿಡಿಯುವ ಭರವಸೆ ಇಲ್ಲ. ಬೇಡ ಎಂದೆ.

ಕಕ್ಕಸು ತೊಳೆಯುವ ಆಸಿಡ್ ಮಾತ್ರ ಖಂಡಿತ ಬೇಡ. ಹಿಂದೆ ನನ್ನ ಸ್ಕೂಟರಿಗೆ ನಾನೇ ಹಾಕಿ ನೋಡಿದ್ದೇನೆ. ತುಕ್ಕು ಕ್ಷಣದಲ್ಲಿ ಹೋಯಿತು, ವಾರದಲ್ಲಿ ಇಮ್ಮಡಿಯಾಗಿ ಬಂತು. ಸಂದಿನಲ್ಲಿ ಉಳಿದ ಕ್ಲೋರೈಡ್ ಪೊಟ್ಯಾಷಿನ ಕೆಲಸವನ್ನೇ ಮಾಡುತ್ತದೆ.

ಕೆಂಪು ಬಳಿದರೆ ಮುಗಿಯಲಿಲ್ಲ

ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಒಂದು ರಾತ್ರಿಯ ಇಬ್ಬನಿ ಸಾಕು, ಬೆತ್ತಲೆ ಕಬ್ಬಿಣ ಮತ್ತೆ ಕೆಂಪಾಗುತ್ತದೆ. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ (ಪೆಟ್ರೋಲ್ ಬೇಡ, ಬೆಂಕಿಯ ಭಯ), ಆರಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಆರಿದ ಬಳಿಕ ಶುರು ಮಾಡಿ ಮೂರು ಗಂಟೆಗೆ ನಿಲ್ಲಿಸುವುದು ಒಳ್ಳೆಯದು. ಕೈ ಇಡಲಾಗದಷ್ಟು ಕಾದ ತಗಡಿಗೂ ಬಳಿಯಬಾರದು.

ನಮ್ಮ ಕಡೆ ಗೇಟು, ಟ್ರೇಲರ್, ಪಿಕಪ್ ಎಲ್ಲವನ್ನೂ ಕೆಂಪು ಬಳಿದು ಹಾಗೆಯೇ ಮಳೆಗಾಲ ಕಳೆಯುವ ಅಭ್ಯಾಸವಿದೆ. ಪ್ರೈಮರ್ ನೀರನ್ನು ತಡೆಯುವ ಬಣ್ಣವಲ್ಲ, ಮೇಲಿನ ಬಣ್ಣ ಹಿಡಿಯುವಂತೆ ಮಾಡುವ ತಳಪಾಯ. ಒಂದು ರಾತ್ರಿ ಒಣಗಿಸಿ ಅದರ ಮೇಲೆ ಎನಾಮೆಲ್ ಎರಡು ಕೋಟು ಬೀಳಲೇಬೇಕು. ಆಮೇಲೆ ಒಂದು ವಾರ ಗೊಬ್ಬರ ಹೇರಬೇಡಿ.

ಆ ಯಜಮಾನರು ಬರೆದಿಟ್ಟ ಲೆಕ್ಕ: ತಂತಿ ಬ್ರಷ್ ಎರಡು 120 ರೂಪಾಯಿ, ಸ್ಯಾಂಡ್ ಪೇಪರ್ 200, ತುಕ್ಕಿನ ದ್ರಾವಣ ಅರ್ಧ ಲೀಟರ್ 180, ಪ್ರೈಮರ್ ಒಂದು ಲೀಟರ್ 230, ಎನಾಮೆಲ್ ಒಂದು ಲೀಟರ್ 340, ಥಿನ್ನರ್ 80. ಒಟ್ಟು 1,150 ರೂಪಾಯಿ. ತೇಪೆಯ ಖರ್ಚು ಬೇರೆ. ದರ ಊರಿಂದ ಊರಿಗೆ ಹೆಚ್ಚುಕಡಿಮೆ ಇರಬಹುದು.

ಹಳೆಯ ಇಂಜಿನ್ ಆಯಿಲನ್ನು ಅಡಿಗೆ ಬಳಿಯುವವರಿದ್ದಾರೆ. ಸ್ವಲ್ಪ ದಿನ ತುಕ್ಕು ತಡೆದೀತು. ಆದರೆ ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಮುಂದೆ ಬಣ್ಣ ಹಿಡಿಯುವುದಿಲ್ಲ, ತೊಟ್ಟಿಕ್ಕಿದ್ದು ತೋಟದ ಮಣ್ಣಿಗೆ ಸೇರುತ್ತದೆ. ನಾನು ಒಪ್ಪುವುದಿಲ್ಲ.

ಖರ್ಚೇ ಇಲ್ಲದ ಕೆಲಸಗಳೂ ಇವೆ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಕೆಸರು ಕಟ್ಟಿಕೊಂಡಿದ್ದರೆ ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿರಿ. ಗೊಬ್ಬರ ಇಳಿಸಿದ ದಿನವೇ ಗುಡಿಸಿ ತೊಳೆಯಿರಿ. ಗಾಡಿಯನ್ನು ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿದರೆ ಬಾಡಿಯ ನೀರು ಹಿಂಬಾಗಿಲಿನಿಂದ ಹರಿದುಹೋಗುತ್ತದೆ. ಟಾರ್ಪಾಲು ಹೊದಿಸುವುದಾದರೆ ಗಾಳಿ ಆಡುವಷ್ಟು ಸಂದು ಬಿಡಿ.

2025ರ ಮಳೆ ಕಳೆದ ಮೇಲೆ ಮತ್ತೆ ಆ ಮನೆಗೆ ಹೋಗಿದ್ದೆ. ಬಾಡಿಯ ತಳ ಗಟ್ಟಿಯಾಗಿತ್ತು. ತೇಪೆಯ ಬೆಸುಗೆ ಅಂಚಿನಲ್ಲಿ ಮಾತ್ರ ಎರಡು ಕಡೆ ಕಾಸಿನಗಲ ಕೆಂಪು ಎದ್ದಿತ್ತು. "ಅಲ್ಲಿಗೆ ಪೇಪರ್ ಹೋಗ್ಲಿಲ್ಲ ಸಾರ್" ಎಂದ ಹುಡುಗ, ಉಳಿದಿದ್ದ ಪ್ರೈಮರಿನ ಡಬ್ಬಿ ಹುಡುಕಲು ಒಳಗೆ ಹೋದ.