ಪದೇ ಪದೇ ಕೆಡುವ ನಾಯಿಯ ಹೊಟ್ಟೆ

ಭಾನುವಾರದ ಸಂಜೆ ದಾವಣಗೆರೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿದ ಕೂಡಲೇ ಬಾಗಿಲ ಬಳಿ ಬಾಲ ಅಲ್ಲಾಡುತ್ತದೆ. ಅಪ್ಪ ಅರ್ಧ ಮಿರ್ಚಿ ಎಸೆಯುತ್ತಾರೆ. ಮಗಳು ಕ್ರೀಮ್ ಬಿಸ್ಕತ್ತು ಕೊಡುತ್ತಾಳೆ. ಬೆಳಿಗ್ಗೆ ಉಳಿದ ಬೆಣ್ಣೆ ದೋಸೆಯ ಚೂರನ್ನು ಅಮ್ಮ ಆಗಲೇ ಹಾಕಿದ್ದಾಗಿದೆ. ರಾತ್ರಿ ಅಜ್ಜಿ, 'ಪಾಪ, ಹಸಿದೈತಿ' ಎಂದು ಒಂದು ಬಟ್ಟಲು ಹಾಲು ಇಡುತ್ತಾರೆ. 'ನಾನು ಕೊಟ್ಟಿದ್ದು ಒಂದೇ ಚೂರು' ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ಸೋಮವಾರ ನಾಯಿಗೆ ವಾಂತಿ, ಭೇದಿ. ಗುರುವಾರದ ಹೊತ್ತಿಗೆ ಸರಿಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಪಾಡು.

ಇಂಥ ಮನೆಗಳಲ್ಲಿ ಮೊದಲು ಮರುಕ, ನಂತರ ಬೇಸರ, ಕೊನೆಗೆ 'ಎಲ್ಲಾದರೂ ಬಿಟ್ಟು ಬರೋಣ' ಎಂಬ ಮಾತು ಬರುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಈಡಾಗುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಂತೆ ಅಪರಾಧ. ಅಷ್ಟೇ ಅಲ್ಲ, ಅದು ಬೇಕಾಗಿಯೂ ಇಲ್ಲ. ಪದೇ ಪದೇ ಕೆಡುವ ಹೊಟ್ಟೆಗೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ಹುಡುಕಿದರೆ ಅದು ಸಿಗುತ್ತದೆ.

ತಟ್ಟೆಯಲ್ಲೇ ಇರುವ ತೊಂದರೆ

ನಾಯಿಗೆ ಅನ್ನ, ಮುದ್ದೆ, ರೊಟ್ಟಿ ಜೀರ್ಣವಾಗದು ಎಂಬ ಮಾತು ಪೂರ್ತಿ ನಿಜವಲ್ಲ. ಮನುಷ್ಯನ ಜತೆ ಬಾಳಿದ ಸಾವಿರಾರು ವರ್ಷಗಳಲ್ಲಿ ನಾಯಿ ಪಿಷ್ಟವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ವಂಶವಾಹಿಗಳನ್ನು ಹೋಲಿಸಿ ಇದನ್ನು ತೋರಿಸಿಕೊಟ್ಟರು. ಆದರೆ ಬರೀ ಅನ್ನವೇ ಸಾಲದು. ನಾಯಿಗೆ ಪ್ರೋಟೀನೂ ಬೇಕು.

ತೊಂದರೆ ಬರುವುದು ಬೇರೆ ಕಡೆಯಿಂದ. ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಹಾಗಾಗಿ ಪ್ರೀತಿಯಿಂದ ಕೊಟ್ಟ ಹಾಲೇ ಭೇದಿಗೆ ದಾರಿ. ಬೆಣ್ಣೆ, ಕರಿದ ಎಣ್ಣೆ ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯ ಬರಬಹುದು. ದೋಸೆಯ ಪಲ್ಯ ಮತ್ತು ಖಾರ ಮಂಡಕ್ಕಿಯಲ್ಲಿ ಬೀಳುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದರೂ ಅದರ ವಿಷಗುಣ ಹೋಗದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್‌ಗಳನ್ನೂ ನಾಯಿಯಿಂದ ದೂರ ಇಡಬೇಕು.

ಹೊಸ ಆಹಾರವನ್ನು ಒಮ್ಮೆಗೇ ಸುರಿಯುವುದೂ ತಪ್ಪು. ಹಳೆಯದರ ಜತೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ 7ರಿಂದ 10 ದಿನಗಳಲ್ಲಿ ಬದಲಾಯಿಸಬೇಕು.

ಕಾಣದ ಹುಳುಗಳು

ಎರಡನೆಯ ಕಾರಣ ಜಂತುಹುಳು. ಹರಿಹರದ ಬಳಿಯ ಸಾರಥಿಯಂಥ ಊರುಗಳಲ್ಲಿ ಹೊಲ, ಗದ್ದೆ ಸುತ್ತಿ ಸಿಕ್ಕಿದ್ದಕ್ಕೆ ಬಾಯಿ ಹಾಕುವ ನಾಯಿಗಾಗಲಿ, ಪೇಟೆಯ ಕಸದ ತೊಟ್ಟಿ ಮೂಸುವ ನಾಯಿಗಾಗಲಿ ಇದು ತಪ್ಪಿದ್ದಲ್ಲ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಅಂಟುತ್ತದೆ. ಕೊಕ್ಕೆಹುಳು ತಾಯಿಯ ಹಾಲಿನ ಮೂಲಕ ಬರುತ್ತದೆ. ಆದ್ದರಿಂದ ಮರಿಗೆ 2 ವಾರ ತುಂಬಿದಾಗಲೇ ಹುಳುವಿನ ಔಷಧ ಆರಂಭಿಸುವುದು ವಾಡಿಕೆ. ದೊಡ್ಡ ನಾಯಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಕೊಡುತ್ತಾರೆ. ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರೇ ಹೇಳಬೇಕು.

ಇದು ನಾಯಿಯ ಆರೋಗ್ಯದ ಮಾತಷ್ಟೇ ಅಲ್ಲ. ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗಿಟ್ಟುಕೊಳ್ಳುವ ಮಕ್ಕಳ ದೇಹಕ್ಕೆ ದುಂಡುಹುಳುವಿನ ಮರಿಗಳು ಸೇರಿದರೆ ಕಣ್ಣಿಗೂ ಹಾನಿಯಾಗಬಹುದು. ಈ ಹುಳುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಕಳೆದ ಮೇಲಷ್ಟೇ ಸೋಂಕು ತರುತ್ತದೆ. ಹೀಗಾಗಿ ನಾಯಿಯ ಮಲವನ್ನು ದಿನವೂ ತೆಗೆದು ಹೂಳುವುದು ಮತ್ತು ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ಮನೆಯವರನ್ನೆಲ್ಲ ಕಾಯುತ್ತದೆ.

ಒಂದು ನೋಟ್‌ಬುಕ್ ಸಾಕು

ಕಾರಣ ಹುಡುಕುವ ಕೆಲಸವನ್ನು ಮನೆಯ ವಿದ್ಯಾರ್ಥಿಗೇ ವಹಿಸಬಹುದು. 100 ಪುಟದ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಖು, ತಿಂದದ್ದು, ಕೊಟ್ಟವರು, ಮಲ ಹೇಗಿತ್ತು ಎಂದು ಬರೆಯಿರಿ. ವಾಂತಿಯಾದರೆ ಎಷ್ಟು ಸಲ, ಊಟವಾದ ಎಷ್ಟು ಹೊತ್ತಿಗೆ ಎಂಬುದನ್ನೂ ಸೇರಿಸಿ. ತಿಂಗಳಿಗೊಮ್ಮೆ ತೂಕ ನೋಡಿ. ಮೂರು ವಾರ ಕಳೆಯುವಷ್ಟರಲ್ಲಿ ಭಾನುವಾರದ ಮಿರ್ಚಿಗೂ ಸೋಮವಾರದ ಭೇದಿಗೂ ಇರುವ ನಂಟು ತಾನಾಗಿ ಕಂಡೀತು.

ತೊಂದರೆ 3 ವಾರ ಮೀರಿದರೆ ವೈದ್ಯರು ಅದನ್ನು ದೀರ್ಘಕಾಲದ ಕಾಯಿಲೆ ಎಂದೇ ಎಣಿಸುತ್ತಾರೆ. ಆಗ ಹೊಸ ಮಲದ ಮಾದರಿಯನ್ನು ಶುಚಿಯಾದ ಡಬ್ಬಿಯಲ್ಲಿ ಹಾಕಿ, ನೋಟ್‌ಬುಕ್ಕಿನ ಜತೆ ಪಶು ಆಸ್ಪತ್ರೆಗೆ ಒಯ್ಯಬೇಕು. ಹುಳು ಇಲ್ಲವೆಂದಾದರೆ ಕೆಲವು ವಾರ ಒಂದೇ ಬಗೆಯ ಆಹಾರ ಕೊಟ್ಟು ನೋಡಲು ವೈದ್ಯರು ಹೇಳಬಹುದು. ಎಷ್ಟೋ ನಾಯಿಗಳು ಇದರಿಂದಲೇ ಸುಧಾರಿಸುತ್ತವೆ. ಹೊಟ್ಟೆ ತುಂಬ ತಿಂದರೂ ಸೊರಗುತ್ತಾ ಹೋಗಿ, ಜಿಡ್ಡಾದ ಮಲ ಹೆಚ್ಚಾಗಿ ಹೋಗುತ್ತಿದ್ದರೆ ಮೇದೋಜೀರಕ ಗ್ರಂಥಿ ಸೋತಿರಬಹುದು. ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಹೆಚ್ಚು.

ತಡ ಮಾಡಬಾರದ ಹೊತ್ತು

ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಬಿಳಿಚಿದ ವಸಡು, ಎದ್ದೇಳಲಾಗದ ನಿತ್ರಾಣ ಕಂಡರೆ ಒಂದು ದಿನವೂ ಕಾಯಬಾರದು. ಹೆಗಲ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಡಿ; ಅದು ಕೂಡಲೇ ಮೊದಲಿನಂತಾಗದಿದ್ದರೆ ದೇಹದಲ್ಲಿ ನೀರು ಬತ್ತಿದೆ ಎಂದರ್ಥ. ಲಸಿಕೆ ಹಾಕಿಸದ ಮರಿಗೆ ರಕ್ತಭೇದಿಯಾದರೆ ಅದು ಪಾರ್ವೊ ಇರಬಹುದು. 1978ರಲ್ಲಿ ಜಗತ್ತಿನಾದ್ಯಂತ ಹರಡಿದ ಈ ವೈರಸ್ ಇಂದಿಗೂ ಮರಿಗಳ ಪಾಲಿಗೆ ಯಮ. 6ರಿಂದ 8 ವಾರಕ್ಕೆ ಮೊದಲ ಲಸಿಕೆ ಹಾಕಿಸಿ, ಮುಂದಿನವನ್ನು ತಪ್ಪಿಸದಿರುವುದೇ ಇದಕ್ಕೆ ರಕ್ಷೆ. ದೊಡ್ಡ ಗಾತ್ರದ ನಾಯಿಯ ಹೊಟ್ಟೆ ಉಬ್ಬರಿಸಿ, ಓಕರಿಸಿದರೂ ಏನೂ ಬಾರದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಮನೆಯಲ್ಲಿರುವ ಮನುಷ್ಯರ ಮಾತ್ರೆ ಮಾತ್ರ ಬೇಡ. ನೋವಿಗೆ ನಾವು ನುಂಗುವ ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಸಣ್ಣಪುಟ್ಟ ಭೇದಿಗೆ ಶುದ್ಧ ನೀರಿನ ಜತೆ ಉಪ್ಪು, ಎಣ್ಣೆ, ಮಸಾಲೆ ಇಲ್ಲದ ಮೆತ್ತನೆಯ ಅನ್ನವನ್ನು ಸ್ವಲ್ಪ ಸ್ವಲ್ಪವೇ ಕೊಡಬಹುದು. ಮಾಂಸ ಬಳಸುವ ಮನೆಯವರು ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯನ್ನು ಅದಕ್ಕೆ ಬೆರೆಸಬಹುದು.

ನಾಯಿಗೆ ಊಟ ಹಾಕುವ ಕೈ ಒಂದೇ ಇರಲಿ, ಹೊತ್ತು ಗೊತ್ತಿರಲಿ. ಅಜ್ಜಿಗೆ ಹಾಲಿಡುವ ಆಸೆಯಾದರೆ ತಲೆ ನೇವರಿಸಲಿ. ಮಗಳಿಗೆ ಬಿಸ್ಕತ್ತು ಕೊಡುವ ಮನಸ್ಸಾದರೆ ಚೆಂಡು ಎಸೆಯಲಿ. ಮಿರ್ಚಿ ಅಪ್ಪನ ತಟ್ಟೆಯಲ್ಲೇ ಇರಲಿ. ಬಾಗಿಲ ಬಳಿಯ ಬಾಲ ಅದಕ್ಕೂ ಅಷ್ಟೇ ಖುಷಿಯಿಂದ ಅಲ್ಲಾಡುತ್ತದೆ.